ದನದ ರಕ್ತ ನಮ್ಮದು, ವರದಿ ಯಾರದು?

ಸೊರಬ, ಶಿಕಾರಿಪುರದ ರೈತ ಬಂಧುಗಳೇ, ಮಂಗನ ಕಾಯಿಲೆಯ ಸಮೀಕ್ಷೆಗೆಂದು ನಿಮ್ಮ ಕೊಟ್ಟಿಗೆಗೆ ಬಂದು ದನದ ರಕ್ತ ಕೇಳಿದರೆ ಬೇಡ ಎನ್ನಬೇಡಿ. ಆದರೆ ಒಂದು ಮಾತು ಕೇಳಿಯೇ ಕೊಡಿ: "ಸ್ವಾಮಿ, ಇದರ ಫಲಿತಾಂಶ ನಮಗೆ ಕನ್ನಡದಲ್ಲಿ ಯಾವಾಗ ಕೊಡ್ತೀರಿ?"

1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಪತ್ತೆ ಮಾಡಿದರು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇಂದಿಗೂ ಈ ರೋಗಕ್ಕೆ ಕ್ಯಾಸನೂರಿನದೇ ಹೆಸರು. ಹೆಸರೇನೋ ನಮ್ಮೂರಿನದು, ಅದರ ತಿಳಿವಳಿಕೆ ಮಾತ್ರ ಇಂಗ್ಲಿಷಿನಲ್ಲಿ ಕೂತಿದೆ! ಜ್ವರ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಇರುವ ಔಷಧಿಯಿಲ್ಲ.

ದನದ ವಿಷಯ ಬೇರೆ. ವೈರಸ್ ಹೊತ್ತ ಉಣುಗು ಕಚ್ಚಿದರೂ ದನ ಮಲಗುವುದಿಲ್ಲ. ಆದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಹಿಂಡಿನ ರಕ್ತ ನೋಡಿದರೆ ಅದು ಮೇಯುವ ಕಾನಿನಲ್ಲಿ ವೈರಸ್ ಓಡಾಡಿದೆಯೇ ಎಂಬ ಸುಳಿವು ಸಿಗುತ್ತದೆ. ಮುದಿ ಹಸುವಿನಲ್ಲಿ ಕಂಡದ್ದು ಹಳೆಯ ಕಥೆಯೂ ಇರಬಹುದು. ತಾಯಿಯ ಗಿಣ್ಣು ಹಾಲಿನಿಂದ ಬಂದದ್ದು ಕರಗಿದ ಮೇಲೂ ಕರುವಿನಲ್ಲಿ ಕಂಡರೆ ಸುದ್ದಿ ಹೊಸದು, ಎಚ್ಚರಾಗಬೇಕು. ಮಂಗ ಸಾಯಲಿ ಎಂದು ಕಾಯುವುದೇಕೆ?

ಪ್ರತಿಕಾಯ ಸಿಕ್ಕಿತು ಎಂದರೆ ದನಕ್ಕೆ ಈಗ ಕಾಯಿಲೆ ಇದೆ ಎಂದಲ್ಲ. ಈ ರೋಗ ಹಾಲಿನಿಂದ ಹರಡುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಇಷ್ಟನ್ನು ಬಿಡಿಸಿ ಹೇಳದೆ 'ಪಾಸಿಟಿವ್' ಎಂದು ಗೀಚಿಕೊಂಡು ಹೋದರೆ ಏನಾದೀತು? ಡೇರಿಯಲ್ಲಿ ಹಾಲು ಬೇಡ ಎಂದಾರೆಂದು ಹೆದರಿದ ರೈತ ಮುಂದಿನ ಸಲ ಜೀಪು ಕಂಡೊಡನೆ ದನವನ್ನು ಕಾಡಿಗೆ ಹೊಡೆಯುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ಹಾಗೆಂದು ದನ ಪೂರ್ತಿ ನಿರಪರಾಧಿಯೂ ಅಲ್ಲ. ಬಲಿತ ಉಣುಗು ಅದರ ರಕ್ತ ಕುಡಿದು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಚಳಿಗಾಲದಿಂದ ಮಳೆಗಾಲದವರೆಗೆ ಮರಿ ಉಣುಗುಗಳು ಕಟ್ಟಿಗೆ, ದರಕಿಗೆ ಹೋದವರ ಕಾಲು ಹತ್ತುತ್ತವೆ. ಅದಕ್ಕೇ ದನದ ಮೈಗೆ ಉಣುಗಿನ ಔಷಧಿ, ನಮ್ಮ ಕೈಕಾಲಿಗೆ ಎಣ್ಣೆ.

ಕನ್ನಡ ಈ ರಾಜ್ಯದ ಆಡಳಿತ ಭಾಷೆ ಎಂದು ಕಾನೂನಾದದ್ದು 1963ರಲ್ಲಿ. ದಪ್ಪ ಪುಸ್ತಕ ಯಾರೂ ಕೇಳುತ್ತಿಲ್ಲ. ಒಂದು ಹಾಳೆ ಸಾಕು: ಊರಿನ ಹೆಸರು, ಕಾನಿನ ಹೆಸರು, ಎಷ್ಟು ದನ ನೋಡಿದರು, ಎಷ್ಟರಲ್ಲಿ ಕಂಡಿತು, ನಾವೇನು ಮಾಡಬೇಕು. ದೀಪಾವಳಿಗೆ ಮೊದಲೇ ಅದನ್ನು ಡೇರಿ ಗೋಡೆಗೆ ಅಂಟಿಸಲಿ. ಆಮೇಲೆ ನಮ್ಮ ಹೆಂಗಸರು ದರಕು ಗುಡಿಸಲು ಹೊರಡುತ್ತಾರೆ.