ಮನೆ ಕಟ್ಟುವವರಿಗೆ ಬಾಡಿಗೆ ಮನೆಯಾದರೂ ಕೊಡಿ

ಬೆಂಗಳೂರಿನ ಬಡವರಿಗೆ ಮನೆ ಸಿಕ್ಕರೆಷ್ಟು, ಬಿಟ್ಟರೆಷ್ಟು, ನಮಗೇನು ಸಂಬಂಧ ಅನ್ನಬೇಡಿ. ಆ ಬಡವರಲ್ಲಿ ನಮ್ಮ ಊರಿನವರೇ ಇದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಕಡೆಯಿಂದ ಗುಳೆ ಹೋದವರು ಅಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಸಂಜೆಯಾದರೆ ತಗಡಿನ ಶೆಡ್ಡಿಗೋ ನೀಲಿ ಟಾರ್ಪಾಲಿನ ಜೋಪಡಿಗೋ ಹೋಗಿ ಮಲಗುತ್ತಾರೆ. ಎಷ್ಟೋ ಕಡೆ ಜೋಪಡಿ ಹಾಕಿಕೊಳ್ಳುವ ಜಾಗಕ್ಕೂ ತಿಂಗಳ ಬಾಡಿಗೆ. ನೀರಿಗೆ ಬೇರೆ ದುಡ್ಡು. ಶೌಚಾಲಯ ಇಲ್ಲದ ಕಡೆ ಹೆಣ್ಣುಮಕ್ಕಳು ಕತ್ತಲಾಗುವುದನ್ನೇ ಕಾಯಬೇಕು.

ಇದನ್ನು ಕೇಳಿದರೆ ಅಧಿಕಾರಿಗಳಿಂದ ಬರುವ ಉತ್ತರ ಒಂದೇ: "ಆವಾಸ್ ಯೋಜನೆ ಇದೆಯಲ್ಲ, ಅರ್ಜಿ ಹಾಕಲಿ." ಈ ಉತ್ತರದಲ್ಲೇ ತಪ್ಪಿದೆ ಅನ್ನುತ್ತೇವೆ ನಾವು.

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ನಿಯಮ ನೋಡಿ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವವರು ಆರ್ಥಿಕವಾಗಿ ದುರ್ಬಲರು. ಅಂಥವರಿಗೆ ಕಟ್ಟುವ ಫ್ಲ್ಯಾಟಿಗೆ ಕೇಂದ್ರ ಸರ್ಕಾರ ಒಂದೂವರೆ ಲಕ್ಷ ಕೊಡುತ್ತದೆ, ರಾಜ್ಯವೂ ಒಂದಿಷ್ಟು ಸೇರಿಸುತ್ತದೆ. ಉಳಿದದ್ದನ್ನು ಫಲಾನುಭವಿಯೇ ತುಂಬಬೇಕು. ದಿನಗೂಲಿ ಮೇಸ್ತ್ರಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಸಂಬಳದ ಚೀಟಿ ಎಲ್ಲಿಂದ ತರಬೇಕು?

ಸಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಇನ್ನೊಂದು ಷರತ್ತು ಇದೆ: ಭಾರತದ ಯಾವುದೇ ಭಾಗದಲ್ಲಿ ಆ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಊರಲ್ಲಿ ಬಸವ ವಸತಿಯಲ್ಲೋ ಆಶ್ರಯದಲ್ಲೋ ಎರಡು ಕೋಣೆ ಕಟ್ಟಿಕೊಂಡವನ ಹೆಸರು ಅಲ್ಲಿಗೇ ಬಿತ್ತು. ಮನೆ ಇರುವ ಊರಲ್ಲಿ ಕೆಲಸವಿಲ್ಲ, ಕೆಲಸ ಇರುವ ಊರಲ್ಲಿ ಮನೆಯಿಲ್ಲ. ಅವನಿಗೆ ಎರಡನೇ ಸ್ವಂತ ಮನೆ ಕೊಡಿ ಅಂತ ನಾವೂ ಕೇಳುತ್ತಿಲ್ಲ. ದುಡಿಯುವಷ್ಟು ದಿನ ಮರ್ಯಾದೆಯಿಂದ ಇರಲು, ಕೈಗೆಟುಕುವ ಬಾಡಿಗೆಗೆ ಒಂದು ಕೋಣೆ, ನೀರು, ಶೌಚಾಲಯ ಕೊಡಿ ಅನ್ನುತ್ತಿದ್ದೇವೆ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ. 2020ರ ಲಾಕ್‌ಡೌನ್‌ನಲ್ಲಿ ಕಾರ್ಮಿಕರು ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದದ್ದನ್ನು ದೇಶವೇ ನೋಡಿತು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸಿಗರಿಗೆ ಬಾಡಿಗೆ ವಸತಿ ಸಂಕೀರ್ಣದ ಯೋಜನೆ ತಂದಿತು. ದಾರಿ ಎರಡು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು. ಕಂಪನಿಗಳು, ಸಂಸ್ಥೆಗಳು ತಮ್ಮ ಜಾಗದಲ್ಲಿ ಬಾಡಿಗೆ ಮನೆ ಕಟ್ಟಲಿ ಅನ್ನುವುದು ಇನ್ನೊಂದು. ಚಂಡೀಗಢ, ಸೂರತ್‌ನಲ್ಲಿ ಖಾಲಿ ಮನೆಗಳು ಹೀಗೆ ಬಾಡಿಗೆಗೆ ಬಂದವು. ಎರಡನೆಯ ದಾರಿಯನ್ನು ನಂಬಿ ಕೂರುವುದು ಮಾತ್ರ ವ್ಯರ್ಥ. ಬೆಂಗಳೂರಿನಂಥ ಊರಲ್ಲಿ ಸ್ವಂತ ಜಾಗ ಇರುವವನು ಐಷಾರಾಮಿ ಫ್ಲ್ಯಾಟ್ ಬಿಟ್ಟು ಗಾರೆ ಕೆಲಸದವರಿಗೆ ಯಾಕೆ ಕಟ್ಟುತ್ತಾನೆ?

ಕಟ್ಟಬೇಕಾದದ್ದು ಸರ್ಕಾರ, ಕಟ್ಟಬೇಕಾದದ್ದು ಸರ್ಕಾರದ ಜಾಗದಲ್ಲಿ. "ಮನೆ ಬಾಡಿಗೆಗೆ ಕೊಡುವುದು ಸರ್ಕಾರದ ಕೆಲಸವೇ?" ಅನ್ನುವವರು ತಮ್ಮ ತಾಲ್ಲೂಕು ಕೇಂದ್ರದ ಕ್ವಾರ್ಟರ್ಸ್ ಕಡೆ ನೋಡಲಿ. ಪೊಲೀಸರಿಗೆ, ಡಾಕ್ಟರಿಗೆ, ಎಂಜಿನಿಯರಿಗೆ ಸರ್ಕಾರ ಮನೆ ಕಟ್ಟಿಸಿ ಕೊಡುತ್ತದೆ. ವರ್ಗವಾದವರು ಖಾಲಿ ಮಾಡುತ್ತಾರೆ, ಮುಂದಿನವರು ಬರುತ್ತಾರೆ. ನೌಕರರಿಗೆ ಆಗುವುದು ಕೂಲಿಕಾರರಿಗೆ ಯಾಕಾಗದು?

ಜಾಗ ಎಲ್ಲಿದೆ ಅನ್ನುತ್ತಾರೆ. ಇದ್ದ ಜಾಗ ಏನಾಯಿತು ಅಂತ ನಾವು ಕೇಳುತ್ತೇವೆ. ಕೋರಮಂಗಲ ಪಕ್ಕದ ಈಜಿಪುರದಲ್ಲಿ ಪಾಲಿಕೆಯೇ ಬಡವರಿಗಾಗಿ ಫ್ಲ್ಯಾಟ್ ಕಟ್ಟಿಸಿತ್ತು. ಕಳಪೆ ಕಾಮಗಾರಿ, ಬ್ಲಾಕುಗಳು ಕುಸಿದವು. ಜನ ಅಲ್ಲೇ ಶೆಡ್ಡುಗಳಿಗೆ ಬಂದರು. ಆಮೇಲೆ ಆ ಜಾಗದಲ್ಲಿ ಖಾಸಗಿ ಕಂಪನಿಯ ಜೊತೆ ಸೇರಿ ಕಟ್ಟುವ ಒಪ್ಪಂದವಾಯಿತು: ಒಂದು ಪಾಲಿನಲ್ಲಿ ಬಡವರ ಫ್ಲ್ಯಾಟ್, ಇನ್ನೊಂದು ಪಾಲಿನಲ್ಲಿ ಕಂಪನಿಯ ವಾಣಿಜ್ಯ ಕಟ್ಟಡ. 2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಶೆಡ್ಡುಗಳನ್ನು ನೆಲಸಮ ಮಾಡಿದರು. ಸುಮಾರು 1,500 ಕುಟುಂಬ ಬೀದಿಗೆ ಬಿದ್ದವು. ಮೂಲ ಹಂಚಿಕೆ ಪಟ್ಟಿಯಲ್ಲಿ ಹೆಸರಿಲ್ಲದ ಬಾಡಿಗೆದಾರರಿಗೆ ಹೊಸ ಫ್ಲ್ಯಾಟಿನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಕೆಲವರು ವರ್ಷಗಟ್ಟಲೆ ಅದೇ ಜಾಗದ ಸುತ್ತಲಿನ ಫುಟ್‌ಪಾತ್ ಮೇಲೆ ಸಂಸಾರ ಮಾಡಿದರು.

ಹಳೆ ಮನೆ ಕೆಡವಿ ಹೊಸದು ಕಟ್ಟಲು ಇದೊಂದೇ ದಾರಿಯೇನಲ್ಲ. ಮುಂಬೈನ ಬಿಡಿಡಿ ಚಾಳುಗಳನ್ನು ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ ಕಟ್ಟಿದ್ದು. ಅಲ್ಲಿ 160 ಚದರ ಅಡಿಯ ಕೋಣೆಯಲ್ಲಿ ತಲೆತಲಾಂತರದಿಂದ ಬಾಡಿಗೆಗಿದ್ದವರಿಗೆ ಅದೇ ಜಾಗದಲ್ಲಿ 500 ಚದರ ಅಡಿಯ ಫ್ಲ್ಯಾಟ್ ಕೊಡುವ ಕೆಲಸ ನಡೆಯುತ್ತಿದೆ. ನಡೆಸುತ್ತಿರುವುದು ಸರ್ಕಾರದ್ದೇ ವಸತಿ ಸಂಸ್ಥೆ ಮ್ಹಾಡಾ. ಕಟ್ಟುವವರೆಗೆ ಜನರಿಗೆ ಬೇರೆ ಕಡೆ ಮನೆ ಅಥವಾ ಬಾಡಿಗೆ ದುಡ್ಡು. 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ ತಂಡಕ್ಕೆ ಕೀಲಿ ಸಿಕ್ಕಿತು. ವರ್ಷಗಟ್ಟಲೆ ತಡವಾಯಿತು, ನಿಜ. ಆದರೆ ಅಲ್ಲಿದ್ದ ಬಾಡಿಗೆದಾರರನ್ನೇ ಹಕ್ಕುದಾರರು ಅಂತ ಎಣಿಸಿದರು. ಈಜಿಪುರದಲ್ಲಿ ಎಣಿಸದೆ ಬಿಟ್ಟದ್ದು ಅವರನ್ನೇ.

ಊರಲ್ಲೇ ಕೆಲಸ ಸಿಕ್ಕರೆ ಗುಳೆಯೇ ಬೇಡವಲ್ಲ ಅನ್ನುವ ಮಾತೂ ಬರುತ್ತದೆ. ಒಪ್ಪುತ್ತೇವೆ. ಅದು ಸಿಗುವವರೆಗೆ ನಮ್ಮ ಮಕ್ಕಳು ಮಲಗುವುದೆಲ್ಲಿ? ಕಟ್ಟಡ ಕೆಲಸಗಾರರಿಗೆ ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಉಚಿತ ವಸತಿ, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಪ್ರತ್ಯೇಕ ಜಾಗ ಕೊಡಬೇಕು ಅಂತ 1996ರ ಕಾಯ್ದೆಯಲ್ಲೇ ಬರೆದಿದ್ದರು. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕೂಡ ಈ ಕೆಲಸಗಾರರ ಹೆಸರಲ್ಲೇ ವಸೂಲಾಗುತ್ತದೆ. ಬರೆದದ್ದು ಬೆಂಗಳೂರಿನ ಎಷ್ಟು ಸೈಟುಗಳಲ್ಲಿ ಜಾರಿಯಾಗಿದೆ? ಗುಳೆ ಹೋಗಿ ಬಂದವರನ್ನೇ ಕೇಳಿ.

ನಾವು ಕೇಳುವುದು ಮೂರು. ಸರ್ಕಾರಿ ಜಾಗದಲ್ಲಿ ಬಡವರಿಗೆ ಕಟ್ಟುವ ಮನೆಗಳಲ್ಲಿ ಒಂದು ಪಾಲು ಮಾರಾಟಕ್ಕಲ್ಲ, ಬಾಡಿಗೆಗೆ ಮೀಸಲಿರಲಿ. ಅದಕ್ಕೆ ಊರಲ್ಲಿ ಮನೆ ಇರುವುದು ಅಡ್ಡಿಯಾಗದಿರಲಿ. ಹಳೆ ಕಾಲೊನಿ ಕೆಡವುವ ಮೊದಲು ಬಾಡಿಗೆದಾರರನ್ನೂ ಎಣಿಸಿ, ಬದಲಿ ಮನೆ ಕೊಡಲಿ, ಆ ಜಾಗ ಖಾಸಗಿಯವರ ಪಾಲಾಗದಿರಲಿ.

ಚುನಾವಣೆ ಬಂದಾಗ ಬೆಂಗಳೂರಿಗೆ ಬಸ್ ಕಳಿಸಿ ನಮ್ಮವರನ್ನು ಊರಿಗೆ ಕರೆಸುವ ನಾಯಕರಿಗೆ ಅವರು ಅಲ್ಲಿ ಯಾವ ಶೆಡ್ಡಿನಲ್ಲಿದ್ದಾರೆ ಅಂತ ಚೆನ್ನಾಗಿ ಗೊತ್ತು. ಮುಂದಿನ ಸಲ ಬಸ್ ಹತ್ತುವ ಮೊದಲು ಈ ಮೂರನ್ನು ಕೇಳಿ. ಗ್ರಾಮಸಭೆಯಲ್ಲೂ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.