ಮಕ್ಕಳ ಕೈಗೆ ಚಿತ್ರಕಥೆ

ಆಳಂದ ತಾಲೂಕಿನ ಮಟಕಿಯಿಂದ ಗೃಹಸ್ಥರೊಬ್ಬರು ನಮ್ಮನ್ನು ಕೇಳಿರುವರು: ‘ಎಂಟು ವರುಷದ ಮಗಳು ಚಿತ್ರಕಥೆಯ ಪುಸ್ತಕವನ್ನು ಕೈಬಿಡಳು. ಮೊದಲು ರಾತ್ರಿಯಾದರೆ ಆಯಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುತ್ತಿದ್ದಳು, ಈಗ ಕೇಳಳು. ಮುದುಕಿ ನೊಂದುಕೊಂಡಿರುವಳು. ಪುಸ್ತಕವನ್ನು ಕಸಿದಿಡಬೇಕೆ?’ ಈ ತೊಡಕು ಒಂದೇ ಮನೆಯದಲ್ಲವಾದುದರಿಂದ ಇಲ್ಲಿಯೇ ಉತ್ತರಿಸುವೆವು.

ಕಸಿಯತಕ್ಕದ್ದಲ್ಲ. ಚಿತ್ರಕಥೆಯು ಕನ್ನಡಕ್ಕೆ ಪರಕೀಯವಾದುದೇನೂ ಅಲ್ಲ. 1967ರಲ್ಲಿ ‘ಅಮರ ಚಿತ್ರಕಥೆ’ಯನ್ನು ಮುಂಬಯಿಯಲ್ಲಿ ಬೆಳೆಯಿಸತೊಡಗಿದ ಅನಂತ ಪೈಗಳು ಕಾರ್ಕಳದಲ್ಲಿ ಹುಟ್ಟಿದವರು. ಅದಕ್ಕೂ ಮುಂಚೆ, 1965ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮರ ಪ್ರಯತ್ನದಿಂದ ಈ ಮಾಲೆಯ ಮೊದಲ ಪುಸ್ತಕಗಳು ಕನ್ನಡದಲ್ಲಿಯೇ ಬಂದವು. ಅವು ಹೊರನಾಡಿನ ಮಕ್ಕಳ ಕಥೆಗಳು. ಮೊದಲ ಹತ್ತು ಅಂಕೆಗಳು ಅವಕ್ಕೆ ಸಂದುದರಿಂದ ಇಂಗ್ಲಿಷಿನ ಮಾಲೆಯು ಹನ್ನೊಂದನೆಯದಾದ ‘ಕೃಷ್ಣ’ನಿಂದ ಮೊದಲಾಯಿತು.

ಆ ಹತ್ತರಲ್ಲಿ ಒಂದು, ಅಮೆರಿಕದ ಬಾಮ್ ಎಂಬಾತನು 1900ರಲ್ಲಿ ಪ್ರಕಟಿಸಿದ ಆಜ್ ದೇಶದ ಮಾಂತ್ರಿಕನ ಕಥೆ. ಬಿಸಿಲಿಗೆ ಬಿರಿದ ಹೊಲಗಳ ನಡುವಿನ ಮನೆಯೊಂದನ್ನು ಸುಂಟರಗಾಳಿಯು ಹುಡುಗಿಯೊಡನೆ ಎತ್ತಿಕೊಂಡು ಹೋಗುವುದು. ಬೇಸಿಗೆಯಲ್ಲಿ ಬಾಯಿಬಿಡುವ ಎರೆಹೊಲವನ್ನೂ ಬೆದರುಬೊಂಬೆಯನ್ನೂ ಕಂಡ ಮಟಕಿಯ ಮಗುವಿಗೆ ಇದರಲ್ಲಿ ತಿಳಿಯದುದೇನಿದೆ?

ಆ ಕಥೆಯಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವೂ ಇದೆ. ಪಚ್ಚೆಯ ಪಟ್ಟಣವನ್ನು ಹೊಗುವವರೆಲ್ಲರ ಕಣ್ಣಿಗೂ ಕಾವಲಿನವನು ಹಸುರು ಕನ್ನಡಕವನ್ನು ಹಾಕಿ ಬೀಗ ಹಾಕುವನು. ಪಟ್ಟಣವು ಅಷ್ಟು ಹಸುರಾಗಿ ಕಾಣುವುದು ಕನ್ನಡಕದಿಂದಲೇ ಎಂದು ಮಾಂತ್ರಿಕನೇ ಕೊನೆಗೆ ಒಪ್ಪಿಕೊಳ್ಳುವನು. ಚಿತ್ರಕಾರನ ಕಣ್ಣೂ ಅಂತಹುದೊಂದು ಕನ್ನಡಕ. ಅದು ಚೆಲುವಾದುದೇ ಸರಿ. ಆದರೆ ಅದರ ಹಿಂದೆ ಮಗುವಿಗೆ ತನ್ನದೊಂದು ಕಣ್ಣೂ ಇರಬೇಕು. ಕೇಳಿದ ಕಥೆಯಲ್ಲಿ ರಾಕ್ಷಸನ ಮೋರೆಯನ್ನು ಮಗುವೇ ಕಲ್ಪಿಸಿಕೊಳ್ಳಬೇಕಾಗುವುದು. ಬರೆದ ಚಿತ್ರದಲ್ಲಿ ಆ ಕೆಲಸವು ಮುಗಿದೇ ಇರುವುದು.

ಆದರೆ ಚಿತ್ರಕಥೆಯಲ್ಲಿಯೂ ಎರಡು ಚೌಕಗಳ ನಡುವೆ ಬಿಳಿಯ ಸಂದೊಂದಿರುವುದು. ಒಂದರಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿರುವಳು, ಮತ್ತೊಂದರಲ್ಲಿ ಕಾಡಿನಲ್ಲಿರುವಳು. ನಡುವಣ ದಾರಿಯನ್ನು ಯಾರೂ ಬರೆದಿಲ್ಲ. ನಮ್ಮ ಸಲಹೆಯಿಷ್ಟೆ: ಮಗಳು ದಿನವೂ ಪುಸ್ತಕವನ್ನು ಆಯಿಗೆ ಓದಿ ಹೇಳಲಿ, ಇಂತಹ ಸಂದು ಬಂದಲ್ಲಿ ಮುದುಕಿಯು ‘ಆಮೇಲೇನಾತವ್ವಾ?’ ಎಂದು ಕೇಳಲಿ. ಉತ್ತರ ತೋರದಿದ್ದರೆ ಆಯಿಯೇ ತನ್ನ ಕಥೆಯೊಂದನ್ನು ಅಲ್ಲಿ ತೆರೆಯಲಿ.

ಚಿತ್ರದ ಪುಸ್ತಕವು ಹರಿದರೆ ಮತ್ತೊಂದು ಅಂಗಡಿಯಲ್ಲಿ ದೊರೆಯುವುದು. ಆಯಿಯ ಬಾಯಲ್ಲಿರುವ ಕಥೆಗಳನ್ನು ಯಾವ ಅಚ್ಚುಕೂಟವೂ ಅಚ್ಚುಮಾಡಿಲ್ಲ. ಇಂದು ರಾತ್ರಿಯೇ ಮೊದಲುಮಾಡಿರಿ.