ಬಾರ್ಡರನಿಗೆ ಹಾಕಬೇಕಾದ ಮಣೆ

ಗೆಲುವಿನ ಲೆಕ್ಕವೊಂದನ್ನೇ ಹಿಡಿದು ನಾಯಕರನ್ನು ತೂಗುವವರ ತಕ್ಕಡಿಯಲ್ಲಿ ಅಲನ್ ಬಾರ್ಡರ್ ಹಗುರವಾಗಿಯೇ ಕಂಡಾನು. 93 ಟೆಸ್ಟುಗಳ ನಾಯಕತ್ವದಲ್ಲಿ ಆತನಿಗೊಲಿದ ಜಯಗಳು 32 ಮಾತ್ರ, ತರುವಾಯ ಬಂದ ಸ್ಟೀವ್ ವಾ 57 ಟೆಸ್ಟುಗಳಲ್ಲಿಯೇ 41ನ್ನು ಗೆದ್ದುಕೊಂಡನು. ಆದರೂ ಆಸ್ಟ್ರೇಲಿಯದ ನಾಯಕರಲ್ಲಿ ಮೊದಲ ಮಣೆಯನ್ನು ಯಾರಿಗೆ ಹಾಕುವಿರೆಂದು ಕೇಳಿದರೆ, ಬ್ರಾಡ್ಮನ್ನನ ಭಕ್ತರ ಕ್ಷಮೆ ಬೇಡಿ, ನಾನದನ್ನು ಬಾರ್ಡರನಿಗೇ ಹಾಕುವೆನು.

ಆತನ ಕೈಗೆ ಬಂದುದು ರಾಜ್ಯವಲ್ಲ, ಅದರ ಅವಶೇಷ. 1984ರ ಆರಂಭದಲ್ಲಿ ಗ್ರೆಗ್ ಚಾಪೆಲ್, ಲಿಲಿ, ಮಾರ್ಷ್ ಎಂಬ ಮೂವರು ಅತಿರಥರು ಸಿಡ್ನಿಯ ಒಂದೇ ಪಂದ್ಯದೊಡನೆ ನಿವೃತ್ತರಾದರು. ಅದೇ ವರ್ಷದ ನವೆಂಬರಿನಲ್ಲಿ, ವೆಸ್ಟ್ ಇಂಡೀಸಿನ ವೇಗಕ್ಕೆ ತತ್ತರಿಸಿ ಸೋತ ಅಂದಿನ ನಾಯಕ ಕಿಮ್ ಹ್ಯೂಸ್, ರಾಜೀನಾಮೆಯ ಹೇಳಿಕೆಯನ್ನು ಓದಿ ಮುಗಿಸಲೂ ಆಗದೆ, ಕಣ್ಣೀರಿಡುತ್ತ ಪತ್ರಕರ್ತರೆದುರಿನಿಂದ ಎದ್ದುಹೋದನು. ಅದರ ಮೇಲೆ ಹಲವು ಆಟಗಾರರು ಬಹಿಷ್ಕೃತ ದಕ್ಷಿಣ ಆಫ್ರಿಕದ ಹಣಕ್ಕೆ ಮನಸೋತು ಹೊರಟರು. ಬಾರ್ಡರನನ್ನು ಪತ್ರಿಕೆಗಳು ಸಿಡುಕು ನಾಯಕನೆಂದು ಕರೆದುವು. ಉರಿದ ಮನೆಯ ಯಜಮಾನನು ಮಂದಸ್ಮಿತನಾಗಿರಬೇಕೆಂದು ಬಯಸುವುದು ಯಾವ ನ್ಯಾಯವೋ!

1986ರ ಸೆಪ್ಟೆಂಬರಿನಲ್ಲಿ, ಮದರಾಸಿನ ಚೆಪಾಕ್ ಅಂಗಳದ ಸುಡುಸೆಕೆಯಲ್ಲಿ, ವಾಂತಿ ಮಾಡಿಕೊಳ್ಳುತ್ತ ತ್ರಾಣಗುಂದಿದ್ದ ಡೀನ್ ಜೋನ್ಸ್ ಇನ್ನಾಗದೆಂದಾಗ, ಎದುರು ತುದಿಯಲ್ಲಿದ್ದ ಬಾರ್ಡರ್, ಹಾಗಾದರೆ ಕ್ವೀನ್ಸ್‌ಲ್ಯಾಂಡಿನ ಗಟ್ಟಿಗನೊಬ್ಬನನ್ನು ಕರೆಸುವೆನೆಂದು ವಿಕ್ಟೋರಿಯದವನಾದ ಆತನನ್ನು ಚುಚ್ಚಿದನಂತೆ. ಛಲ ತೊಟ್ಟ ಜೋನ್ಸ್ 210 ಓಟಗಳನ್ನು ಗಳಿಸಿ ಕೊನೆಗೆ ಆಸ್ಪತ್ರೆಯನ್ನು ಸೇರಿದನು. ಈ ಕಾಠಿಣ್ಯವನ್ನು ಮೆಚ್ಚಲು ನನ್ನ ಮನಸ್ಸು ಇಂದಿಗೂ ಹಿಂಜರಿಯುತ್ತದೆ. ಆದರೆ ಅದೇ ಪಂದ್ಯದ ಕೊನೆಯ ದಿನ, ಗೆಲುವಿನ ರುಚಿಯನ್ನೇ ಮರೆತಿದ್ದ ತಂಡದ ನಾಯಕನಾಗಿ, ಡ್ರಾ ಮಾಡಿಕೊಳ್ಳುವ ಸುಲಭಮಾರ್ಗವು ಮುಂದಿರುತ್ತಲೂ, ಐದು ವಿಕೆಟ್ಟಿಗೆ 170 ಆಗಿದ್ದ ಇನ್ನಿಂಗ್ಸನ್ನು ಅಲ್ಲಿಗೇ ಮುಗಿಸಿ ಭಾರತಕ್ಕೆ 348ರ ಗುರಿಯನ್ನಿತ್ತ ಆ ಎದೆಗಾರಿಕೆಗೆ ಯಾರು ತಲೆದೂಗರು? ಗವಾಸ್ಕರನ 90 ಆ ಗುರಿಯನ್ನು ಕೈಯಳತೆಗೆ ತಂದಿತು; ಕೊನೆಯ ಓವರಿನ ಐದನೆಯ ಚೆಂಡಿಗೆ, ಗ್ರೆಗ್ ಮ್ಯಾಥ್ಯೂಸನ ಎಸೆತವು ಮಣಿಂದರ್ ಸಿಂಗನ ಕಾಲಿಗೆ ಬಡಿದು ಅಂಪೈರ್ ವಿಕ್ರಮರಾಜು ಬೆರಳೆತ್ತಲು, ಪಂದ್ಯವು ಸಮಸಮವಾಯಿತು. ಟೆಸ್ಟ್ ಚರಿತ್ರೆಯಲ್ಲಿ ಅದು ಎರಡನೆಯ ಟೈ.

ಮುಂದಿನದೆಲ್ಲ ಲೋಕವಿದಿತ: 1987ರಲ್ಲಿ ಈಡನ್ ಗಾರ್ಡನ್ಸಿನಲ್ಲಿ ಇಂಗ್ಲೆಂಡನ್ನು 7 ಓಟಗಳಿಂದ ಮಣಿಸಿ ಪಡೆದ ವಿಶ್ವಕಪ್, 1989ರಲ್ಲಿ ಇಂಗ್ಲೆಂಡಿನಲ್ಲಿಯೇ 4-0 ಅಂತರದಿಂದ ಕಿತ್ತುಕೊಂಡ ಆ್ಯಷಸ್, ಗವಾಸ್ಕರನ ದಾಖಲೆಯನ್ನು ದಾಟಿ 11,174ಕ್ಕೆ ನಿಂತ ಓಟಗಳ ರಾಶಿ.

ವೆಸ್ಟ್ ಇಂಡೀಸನ್ನು ಸರಣಿಯೊಂದರಲ್ಲಿ ಗೆಲ್ಲುವ ಭಾಗ್ಯ ಮಾತ್ರ ಆತನ ನಾಯಕತ್ವಕ್ಕೆ ಒದಗಲಿಲ್ಲ. 1993ರ ಜನವರಿಯಲ್ಲಿ ಅಡಿಲೇಡಿನಲ್ಲಿ 186 ಓಟಗಳ ಗುರಿಯ ಬೆನ್ನು ಹತ್ತಿ, ಕೊನೆಯ ಜೋಡಿಯಾದ ಮೇ, ಮ್ಯಾಕ್‌ಡರ್ಮಟ್ ಇಬ್ಬರೂ 40 ಓಟಗಳನ್ನು ಕೂಡಿಸಿ, ಸಮವಾಗಲು ಒಂದೇ ಓಟ ಉಳಿದಿರುವಾಗ, ವಾಲ್ಷನ ಚೆಂಡು ಪುಟನೆಗೆದು ಮ್ಯಾಕ್‌ಡರ್ಮಟ್ಟನನ್ನು ಸವರಿ ವಿಕೆಟ್ ಕೀಪರನ ಕೈ ಸೇರಿತು. ಅಷ್ಟು ಹೊತ್ತೂ ಕೈಯಲ್ಲೊಂದು ಚೆಂಡನ್ನು ಹಿಡಿದುಕೊಂಡು ಕುಳಿತಿದ್ದ ಬಾರ್ಡರ್ ಅದನ್ನು ನೆಲಕ್ಕೆ ಬಲವಾಗಿ ಅಪ್ಪಳಿಸಿದನು. ಎರಡು ವರ್ಷಗಳ ತರುವಾಯ ಕಿಂಗ್‌ಸ್ಟನ್ನಿನಲ್ಲಿ ಕೊನೆಗೂ ವೆಸ್ಟ್ ಇಂಡೀಸನ್ನು ಮಣಿಸಿ ಆ ಸರಣಿಯ ಫ್ರಾಂಕ್ ವೊರೆಲ್ ಪಾರಿತೋಷಕವನ್ನು ಎತ್ತಿ ಹಿಡಿದವನು ಮಾರ್ಕ್ ಟೇಲರ್. ಆತನೂ, ಆ ಪಂದ್ಯದಲ್ಲಿ ಇನ್ನೂರು ಹೊಡೆದ ಸ್ಟೀವ್ ವಾ ಕೂಡ, ಟೆಸ್ಟ್ ಆಟದಲ್ಲಿ ಮೊದಲ ಹೆಜ್ಜೆಯಿಟ್ಟುದು ಬಾರ್ಡರನ ತಂಡದಲ್ಲಿ.